ಇಪ್ಪತ್ತನಾಲ್ಕು ಮುಗಿದ ಮೇಲೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುವಾರ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಪಟ್ಟಿ ಮಾಡಿದೆ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಜನ, ಒಬ್ಬೊಬ್ಬರದು ಮೂರು ಪುಸ್ತಕ, ಒಟ್ಟು 24. ಪಿಯುಸಿ ಮುಗಿಯುವುದರೊಳಗೆ ಅಷ್ಟನ್ನೂ ಓದಬೇಕು. ಯಾರೂ ಹೇಳಿದ್ದಲ್ಲ. ಸ್ಪರ್ಧೆ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ನನಗೆ ನಾನೇ ಹಾಕಿಕೊಂಡ ಕಟ್ಟಳೆ ಎರಡು: ಒಂದು ಪುಟವನ್ನೂ ಹಾರಿಸಬಾರದು, ಮುಗಿದ ದಿನ ತಾರೀಖು ಬರೆದು ಟಿಕ್ ಹಾಕಬೇಕು.

ಎಂಟು ಹೆಸರು ನಮಗೆಲ್ಲ ಬಾಯಿಪಾಠ. ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983, ಗೋಕಾಕ 1990, ಅನಂತಮೂರ್ತಿ 1994, ಕಾರ್ನಾಡ 1998, ಕಂಬಾರ 2010. ಹೈಸ್ಕೂಲಿನ ರಸಪ್ರಶ್ನೆಯಲ್ಲಿ ಇದನ್ನು ಕೇಳದ ವರ್ಷವೇ ಇಲ್ಲ. ಇಸವಿ ಸಮೇತ ಹೇಳಿ ಪೆನ್ನು ಗೆದ್ದವಳು ನಾನು. ಅವರು ಏನು ಬರೆದಿದ್ದಾರೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಏನೂ ಇರಲಿಲ್ಲ. ಪಟ್ಟಿ ಹುಟ್ಟಿದ್ದು ಅಲ್ಲಿಂದ.

ಮಾಗೋಡಿನಿಂದ ಯಲ್ಲಾಪುರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬರುವವರಿಗೆ ಓದಲು ಸಮಯ ಸಿಗುತ್ತದೆ, ಆದರೆ ಆ ತಿರುವುಗಳಲ್ಲಿ ಕಣ್ಣು ಅಕ್ಷರದ ಮೇಲೆ ನಿಲ್ಲುವುದಿಲ್ಲ. ನಾಟಕಗಳನ್ನು ಬಸ್ಸಿನಲ್ಲಿ ಓದಿದೆ, ಮಾತು ಚಿಕ್ಕ ಚಿಕ್ಕದಾಗಿರುತ್ತವಲ್ಲ. 'ತುಘಲಕ್' ಎರಡು ದಿನದಲ್ಲಿ ಮುಗಿಯಿತು. ಕಾರ್ನಾಡರ ಬಾಲ್ಯದ ಕೆಲವು ವರ್ಷ ಕಳೆದದ್ದು ನಮ್ಮ ಶಿರಸಿಯಲ್ಲಿ. ಅವರ 'ಆಡಾಡತ ಆಯುಷ್ಯ'ದಲ್ಲಿ ಆ ಶಿರಸಿ ಬಂದಾಗ ಪಕ್ಕದ ಸೀಟಿನವಳನ್ನು ತಟ್ಟಿ ತೋರಿಸಿದ್ದೆ. ದಪ್ಪ ಕಾದಂಬರಿಗಳು ಮಳೆಗಾಲಕ್ಕೆ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಬಂದಾಗ ಬಂತು. 'ಮಲೆಗಳಲ್ಲಿ ಮದುಮಗಳು' ಓದಿದ್ದು ಚಾರ್ಜಿಂಗ್ ಲೈಟಿನಲ್ಲಿ, ಹೊರಗೆ ಕಾದಂಬರಿಯೊಳಗಿನಂಥದೇ ಮಳೆ. ಬೆಳಗಾದರೆ ಅದೇ ಜಿಗಣೆ, ಅದೇ ಕೆಸರು.

ಎಲ್ಲವೂ ಹಾಗೆ ಸಲೀಸಾಗಿ ಹೋಗಲಿಲ್ಲ. 'ಶ್ರೀ ರಾಮಾಯಣ ದರ್ಶನಂ' ದಿನಕ್ಕೆ ನಾಲ್ಕು ಪುಟ ಅಂತ ಲೆಕ್ಕ ಹಾಕಿದರೆ ಎರಡಕ್ಕೇ ಸುಸ್ತು. ಗೋಕಾಕರ 'ಭಾರತ ಸಿಂಧು ರಶ್ಮಿ' ಸುಮಾರು 35,000 ಸಾಲಿನ ಮಹಾಕಾವ್ಯ. ಅದನ್ನು ಹೇಗೆ ಮುಗಿಸಿದೆ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಹಠದಿಂದ. ಬೇಂದ್ರೆಯವರ 'ನಾಕು ತಂತಿ' ತೆಳ್ಳಗಿನ ಪುಸ್ತಕ, ಒಂದು ಸಂಜೆಯಲ್ಲಿ ಮುಗಿಯಿತು, ಅರ್ಥ ಆದದ್ದು ಇವತ್ತಿಗೂ ಪೂರ್ತಿ ಇಲ್ಲ. ಟಿಕ್ ಮಾತ್ರ ಮೂರಕ್ಕೂ ಒಂದೇ ಅಳತೆಯದು.

ಕೊನೆಯ ಪುಸ್ತಕ ಕಂಬಾರರ 'ಶಿಖರಸೂರ್ಯ'. ಸೆಕೆಂಡ್ ಪಿಯುಸಿಯ ಜನವರಿಯಲ್ಲಿ, ಒಂದು ಮಂಗಳವಾರ ರಾತ್ರಿ ಮುಗಿಯಿತು. ತಾರೀಖು ಬರೆದೆ, ಟಿಕ್ ಹಾಕಿದೆ. ಬುಧವಾರ ಖುಷಿ. ಗುರುವಾರ ಎಲ್ಲರಿಗೂ ಹೇಳಿ ಆಯಿತು. ಶುಕ್ರವಾರ ಬಸ್ಸಿನಲ್ಲಿ ಕೂತಾಗ ಕೈಯಲ್ಲಿ ಏನೂ ಇರಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಹೋದೆ. ಎರಡು ವರ್ಷ ಪ್ರತಿ ದಿನದ ತುದಿಯಲ್ಲಿ ಮುಂದಿನ ಪುಟ ಇರುತ್ತಿತ್ತು. ಈಗ ಇಲ್ಲ. ಮದುವೆ ಮುಗಿದ ಮನೆಯಲ್ಲಿ ಚಪ್ಪರ ಬಿಚ್ಚಿದ ಮೇಲೆ ಅಂಗಳ ಹೇಗೆ ಕಾಣುತ್ತದೋ ಹಾಗೆ ಅನ್ನಿಸುತ್ತಿತ್ತು.

'ಮುಂದೇನು?' ಎಂಬ ಪ್ರಶ್ನೆ ಸೆಕೆಂಡ್ ಪಿಯುಸಿಯವರಿಗೆ ಹೊಸದಲ್ಲ. ನೆಂಟರು ಬಂದರೆ ಚಹಾಕ್ಕಿಂತ ಮೊದಲು ಅದೇ ಬರುತ್ತದೆ. ನೀಟಾ, ಸಿಇಟಿಯಾ, ನರ್ಸಿಂಗಾ? ಓದಿನ ವಿಷಯಕ್ಕೂ ಅದೇ ಪ್ರಶ್ನೆ ಬಂತು. ಲೈಬ್ರರಿ ಸರ್ ಸಲಹೆ: ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕನ್ನಡ ಪುಸ್ತಕಗಳನ್ನು 1955ರಿಂದ ಶುರು ಮಾಡು. ಮೊದಲನೆಯದು 'ಶ್ರೀ ರಾಮಾಯಣ ದರ್ಶನಂ'. ಕೇಳಿಯೇ ತಲೆ ತಿರುಗಿತು. ಗೆಳತಿಯೊಬ್ಬಳು 'ಈ ಸಲ ನೂರು ಮಾಡು' ಅಂದಳು, ಕ್ರಿಕೆಟ್ ಸ್ಕೋರಿನ ಹಾಗೆ. ಉರ್ದು ಮೇಡಂ ಬೇರೆ ಭಾಷೆಯವರನ್ನು ಹಿಡಿ ಎಂದರು. 1989ರಲ್ಲಿ ಜ್ಞಾನಪೀಠ ಪಡೆದ ಕುರ್ರತುಲ್ ಐನ್ ಹೈದರ್ ಹೆಸರನ್ನು ನಾನು ಮೊದಲು ಕೇಳಿದ್ದು ಆಗ. ಒಳ್ಳೆಯ ಸಲಹೆಗಳೇ. ಆದರೆ ಇನ್ನೊಂದು ಪಟ್ಟಿ ಬರೆಯಲು ಪೆನ್ನು ತೆಗೆದಾಗಲೆಲ್ಲ ಕೈ ನಿಂತಿತು. ಹೊಸ ಪುಸ್ತಕ ಬೇಡ ಎಂದಲ್ಲ. 24 ಟಿಕ್‌ಗಳ ಪುಟ ನೋಡಿದಾಗ ಕೆಲವು ಹೆಸರುಗಳ ಎದುರು ಆ ತಾರೀಖು ಬಿಟ್ಟರೆ ನನಗೆ ಬೇರೇನೂ ನೆನಪಾಗುತ್ತಿರಲಿಲ್ಲ.

ಇಲ್ಲಿ ಒಂದು ಮಾತು. ಕೆಮಿಸ್ಟ್ರಿಯ ಒಂದು ಪಾಠವನ್ನು ನಾವು ಎಷ್ಟು ಸಲ ಓದುತ್ತೇವೆ? ಕ್ಲಾಸಿನಲ್ಲಿ ಒಮ್ಮೆ, ಟೆಸ್ಟಿಗೆ ಒಮ್ಮೆ, ಮಿಡ್‌ಟರ್ಮಿಗೆ, ಪ್ರಿಪರೇಟರಿಗೆ, ಕೊನೆಗೆ ಪರೀಕ್ಷೆಗೆ. ಅದಕ್ಕೆ ರಿವಿಷನ್ ಎಂಬ ಗೌರವದ ಹೆಸರಿದೆ. ಕಾದಂಬರಿಯನ್ನು ಎರಡನೇ ಸಲ ಕೈಗೆತ್ತಿಕೊಂಡರೆ ಮಾತ್ರ 'ಅದನ್ನ ಓದಿ ಆಗಿತ್ತಲ್ಲ?' ಎನ್ನುತ್ತಾರೆ. ಪರೀಕ್ಷೆಯಲ್ಲಿ ಬಾರದ್ದನ್ನು ಎರಡು ಸಲ ಓದುವುದು ನಮ್ಮಲ್ಲಿ ಯಾರಿಗೂ ಲೆಕ್ಕಕ್ಕೆ ಸಿಗುವ ಕೆಲಸವಲ್ಲ.

ನಮ್ಮೂರಿನಲ್ಲಿ ನಿವೃತ್ತ ಮಾಸ್ತರೊಬ್ಬರಿದ್ದಾರೆ. ಪಟ್ಟಿಯ ಆರು ಪುಸ್ತಕ ಅವರ ಕಪಾಟಿನಿಂದಲೇ ಬಂದವು. 'ಬೆಟ್ಟದ ಜೀವ' ಹಿಂತಿರುಗಿಸಲು ಹೋದೆ. ಅಡಿಕೆ ಸುಲಿಯುವವರ ಜೊತೆ ಜಗಲಿಯಲ್ಲಿ ಕೂತಿದ್ದರು.

"ಮುಗತ್ತನೇ ತಂಗಿ ನಿನ್ನ ಪಟ್ಟಿ? ಇನ್ನೆಂತ?"

"ಅದೇ ಗೊತ್ತಾಗ್ತಾ ಇಲ್ಲ ಮಾಸ್ತರ್ರೇ" ಅಂದೆ.

ಅವರು ನಕ್ಕು ಕಾರಂತರ ಕತೆ ಹೇಳಿದರು. ಕಾರಂತರಿಗೆ ಜ್ಞಾನಪೀಠ ಬಂದಾಗ ವಯಸ್ಸು 75. ಅಷ್ಟು ಹೊತ್ತಿಗೆ ಕಾದಂಬರಿ, ನಾಟಕ, ಯಕ್ಷಗಾನ, ಮಕ್ಕಳಿಗಾಗಿ 'ಬಾಲ ಪ್ರಪಂಚ', ವಿಜ್ಞಾನದ ಸಂಪುಟಗಳು, ಎಲ್ಲ ಆಗಿತ್ತು. ಇನ್ನೆಂತ ಎಂದು ಕೇಳಿದ್ದರೆ ಮನೆಯಲ್ಲಿ ಕೂರಬಹುದಿತ್ತು. ಅವರು ಬಂದದ್ದು ನಮ್ಮ ಜಿಲ್ಲೆಗೆ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ ವಿರೋಧಿಸಿದವರಲ್ಲಿ ಅವರೂ ಒಬ್ಬರು. ಆ ಯೋಜನೆ ಬೇಕೋ ಬೇಡವೋ ಎಂದು ತಿಳಿದವರನ್ನೇ ಕರೆಸಿ ಕೇಳೋಣ ಎಂದು 1981ರಲ್ಲಿ ಶಿರಸಿಯ ತೋಟಗಾರರ ಸೊಸೈಟಿಯೇ ವಿಚಾರ ಸಂಕಿರಣ ನಡೆಸಿತ್ತು. ಅಡಿಕೆ ಮಾರುವ ಸೊಸೈಟಿ ವಿಜ್ಞಾನಿಗಳನ್ನು ಕೂರಿಸಿಕೊಂಡು ಅಣೆಕಟ್ಟಿನ ಲೆಕ್ಕ ಕೇಳಿದ್ದು ಮಾಸ್ತರಿಗೆ ಇವತ್ತಿಗೂ ಹೆಮ್ಮೆ. ಯೋಜನೆ ನಿಂತಿತು. ನಿಲ್ಲದೆ ಇದ್ದಿದ್ದರೆ ನಮ್ಮ ಮಾಗೋಡು ಜಲಪಾತ ಇವತ್ತು ಬರೀ ಬಂಡೆಯಾಗಿರುತ್ತಿತ್ತು ಎನ್ನುವುದು ಅವರ ಮಾತು. ಆಮೇಲೆ ಕೈಗಾ. ಅಣುಸ್ಥಾವರ ಬೇಡ ಎಂದು 1989ರಲ್ಲಿ ನಮ್ಮದೇ ಲೋಕಸಭಾ ಕ್ಷೇತ್ರದಲ್ಲಿ ಚುನಾವಣೆಗೆ ನಿಂತರು, 87ನೇ ವಯಸ್ಸಿನಲ್ಲಿ. ಸೋತರು. ಕೈಗಾ ಕಟ್ಟಿದ್ದೂ ಆಯಿತು. 1997ರಲ್ಲಿ ತೀರಿಕೊಳ್ಳುವ ಹೊತ್ತಿಗೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರಂತೆ.

"ಸೋತದ್ದು ಅಂವಂಗೇನೂ ಬೇಜಾರಿರ್ಲಿಲ್ಲೆ" ಎಂದು ಮಾಸ್ತರು ಹೇಳಿದರು, ಪಕ್ಕದ ಮನೆಯವರ ಬಗ್ಗೆ ಹೇಳುವ ಹಾಗೆ.

ಕಾರಂತರ ಮೂರು ಪುಸ್ತಕ ಓದಿದ್ದೆ, 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ', 'ಮೂಕಜ್ಜಿಯ ಕನಸುಗಳು'. ಮೂರರಲ್ಲೂ ನನ್ನೂರಿನ ಹೊಳೆ ಇರಲಿಲ್ಲ, ಆದರೆ ಬರೆದವರು ಆ ಹೊಳೆಗಾಗಿ ಮಾತಾಡಿದ್ದರು. ಈಗ ಬೇಡ್ತಿಯನ್ನು ವರದಾ ನದಿಗೆ ಜೋಡಿಸುವ ಯೋಜನೆಯ ಮಾತು ಮತ್ತೆ ಎದ್ದಿದೆ. ಊರಿನಲ್ಲಿ ಸಭೆ ಆಗುತ್ತವೆ, ಪರವೂ ಇದ್ದಾರೆ, ವಿರೋಧವೂ ಇದೆ. ಆ ಸಭೆಗಳಲ್ಲಿ ಹಂಚಿದ ಕಾಗದಗಳನ್ನು ನಾನೂ ತಂದಿಟ್ಟುಕೊಂಡಿದ್ದೇನೆ. ಅದು ಯಾವ ಪಟ್ಟಿಯಲ್ಲೂ ಬರುವ ಓದಲ್ಲ. ಕಾದಂಬರಿಯಷ್ಟು ರುಚಿಯೂ ಇಲ್ಲ, ಬರೀ ಕ್ಯೂಸೆಕ್ಸು, ಟಿಎಂಸಿ. ಆದರೂ ಓದುತ್ತಿದ್ದೇನೆ, ನಮ್ಮ ಮನೆಯ ಹಿಂದಿನ ನೀರಿನ ಲೆಕ್ಕವಲ್ಲವೇ.

ಮನೆಯಲ್ಲಿ ನನ್ನ ಖಾಲಿ ಕೂತ ಮುಖ ಮೊದಲು ನೋಡಿದ್ದು ದಾದಿ. ದಾದಿಗೆ ಎಪ್ಪತ್ತನಾಲ್ಕು. ಕನ್ನಡ ಅಕ್ಷರ ಬರುವುದಿಲ್ಲ, ಮಾತು ಚೆನ್ನಾಗಿ ಬರುತ್ತದೆ. ಸುತ್ತಮುತ್ತಲ ಮನೆಗಳ ಮಕ್ಕಳಿಗೆ ಅಲಿಫ್, ಬಾ ಹೇಳಿಕೊಟ್ಟವರು ಅವರೇ, ನನಗೂ. ದಿನವೂ ಫಜ್ರ್ ಆದ ಮೇಲೆ ರೆಹಲಿನ ಮುಂದೆ ಕೂತು ಓದುತ್ತಾರೆ. ಮೂವತ್ತು ಪಾರಾ ಮುಗಿದರೆ ಒಂದು ಖತಂ. ಅಂಥ ಖತಂಗಳು ಜೀವನದಲ್ಲಿ ಎಷ್ಟಾಗಿವೆ ಎಂದು ಒಮ್ಮೆ ಕೇಳಿದ್ದೆ. "ಎಣಿಸೋದಕ್ಕೆ ನಾನೇನು ಅಂಗಡಿ ಇಟ್ಟಿದ್ದೀನಾ?" ಅಂದಿದ್ದರು.

"ಎಂತ ಆತು ಬೇಟಾ? ಎರಡು ವರ್ಷ ಓದಿದ್ದು ಮುಗೀತು ಅಂತ ಕುಣೀತಿದ್ದಿ, ಈಗ ಯಾಕೆ ಹಿಂಗೆ?"

ಹೇಳಿದೆ. ದಾದಿಗೆ ನನ್ನ ಸಮಸ್ಯೆ ಸಮಸ್ಯೆ ಅಂತಲೇ ಅನ್ನಿಸಲಿಲ್ಲ.

"ಖತಂ ಆದ ಮೇಲೆ ನಾವು ಎಂತ ಮಾಡ್ತೀವಿ? ನೋಡಿಲ್ವಾ ನೀನು?"

ನೋಡಿದ್ದೇನೆ, ಇದನ್ನು ಓದುವ ನಿಮ್ಮಲ್ಲಿ ಎಷ್ಟೋ ಜನ ನಿಮ್ಮ ಮನೆಗಳಲ್ಲೂ ನೋಡಿರುತ್ತೀರಿ. ಕೊನೆಯ ಸೂರಾ ಅನ್ನಾಸ್ ಮುಗಿದ ಕೂಡಲೇ ಕುರ್‌ಆನ್ ಮುಚ್ಚುವುದಿಲ್ಲ. ಅದೇ ಕೂತಲ್ಲೇ ಮೊದಲ ಪುಟಕ್ಕೆ ಹೋಗಿ ಅಲ್ ಫಾತಿಹಾ ಓದಿ, ಅಲ್ ಬಖರಾದ ಮೊದಲ ಕೆಲವು ಆಯತ್ ಓದಿ, ಆಮೇಲೆ ದುವಾ. ಚಿಕ್ಕವಳಿದ್ದಾಗ ನನಗೆ ದುವಾ ಆದ ಮೇಲಿನ ಮಿಠಾಯಿಯ ಕಡೆ ಗಮನ. ದಾದಿ ಅಂಚು ಸವೆದ ಪುಟವನ್ನು ಹಿಂದಕ್ಕೆ ಮಗುಚುವ ಸದ್ದು ಮಾತ್ರ ಕಿವಿಯಲ್ಲಿದೆ. ಧರ್ಮಗ್ರಂಥಕ್ಕೂ ಕಾದಂಬರಿಗೂ ಹೋಲಿಕೆ ಮಾಡುತ್ತಿಲ್ಲ. ಓದನ್ನು ಹೇಗೆ ಮುಗಿಸಬೇಕು ಎಂಬ ಒಂದು ರೂಢಿ ನನ್ನ ಮನೆಯಲ್ಲೇ ಇತ್ತು, ಅಷ್ಟೇ ಹೇಳುತ್ತಿದ್ದೇನೆ.

ಹಾಗಾದರೆ ಯಾವುದನ್ನು ಮತ್ತೆ ಶುರು ಮಾಡಲಿ ಎಂದೆ. "ನನಗೆಂತ ಗೊತ್ತು? ನಿನ್ನ ಪುಸ್ತಕದಲ್ಲಿ ಏನಿದೆ ಅಂತ ನೀನು ಯಾವತ್ತು ಹೇಳಿದ್ದೀ?" ಅಂದರು. ಅದು ದೂರು ಕೂಡ, ಬೇಡಿಕೆ ಕೂಡ. ಅವತ್ತು ರಾತ್ರಿಯೇ ಇಶಾ ಆದ ಮೇಲೆ 'ಮೂಕಜ್ಜಿಯ ಕನಸುಗಳು' ತೆಗೆದುಕೊಂಡು ದಾದಿಯ ಮಂಚದ ಪಕ್ಕ ಕೂತೆ. ಅಜ್ಜಿಯ ಕತೆ, ಅಜ್ಜಿಗೇ ಓದೋಣ ಎಂದು.

ಗಟ್ಟಿಯಾಗಿ ಓದುವುದು ಬೇರೆಯೇ ಕೆಲಸ. ಒಂದು ಗಂಟೆಗೆ ಹದಿನೈದು ಪುಟವೂ ಆಗುವುದಿಲ್ಲ. ಮೂಡೂರಿನ ಮೂಕಜ್ಜಿ ಕೈಗೆ ಸಿಕ್ಕ ವಸ್ತು ಮುಟ್ಟಿ ಹಳೆಯದನ್ನೆಲ್ಲ ಕಾಣುತ್ತಾಳೆ, ಮೊಮ್ಮಗ ಸುಬ್ಬರಾಯ ಕೇಳುತ್ತ ಹೋಗುತ್ತಾನೆ. ನಾನು ಹೋದ ವರ್ಷ ಓದುವಾಗ ಸುಬ್ಬರಾಯನ ಹಾಗೆ ಬೆರಗಾಗಿ ಓದಿದ್ದೆ. ದಾದಿ ಬೆರಗಾಗಲಿಲ್ಲ. ಜಗಳ ತೆಗೆದರು. ಬಾಲವಿಧವೆ ಎಂದಾಗ "ಅಯ್ಯೋ" ಎಂದು ಲೊಚಗುಟ್ಟಿದರು, ಆದರೆ ಮೂಕಜ್ಜಿ ದೇವರ ವಿಷಯಕ್ಕೆ ಬಂದಾಗ "ಈ ಮುದುಕಿಯ ಬಾಯಿ ಬಹಳ ಉದ್ದ" ಅಂದರು. ಒಂದೆರಡು ಕಡೆ ನಾನೇ ನಿಲ್ಲಿಸಿ, ಬಿಡಲಾ ದಾದಿ ಎಂದು ಕೇಳಿದೆ.

"ಯಾಕೆ ಬಿಡ್ತಿ? ಓದೋದು ನಿನ್ನ ಕೆಲಸ. ಒಪ್ಪೋದು, ಬಿಡೋದು ನನ್ನ ಕೆಲಸ."

ಹದಿನೆಂಟು ರಾತ್ರಿ ಹಿಡಿಯಿತು. ಮೂಕಜ್ಜಿಯ ಎಷ್ಟೋ ಮಾತನ್ನು ದಾದಿ ಒಪ್ಪಲಿಲ್ಲ, ಒಂದು ರಾತ್ರಿಯನ್ನೂ ತಪ್ಪಿಸಲಿಲ್ಲ. ನನಗೆ ಎರಡನೇ ಓದಿನಲ್ಲಿ ಕಂಡದ್ದು ಇಷ್ಟು: ಮೊದಲ ಸಲ ನಾನು ಮೂಕಜ್ಜಿಯ ಕನಸುಗಳನ್ನು ಓದಿದ್ದೆ, ಆ ಕನಸುಗಳ ನಡುವೆ ನಾಗಿ ಇದ್ದಾಳೆ, ತಿಪ್ಪಜ್ಜಿ ಇದ್ದಾಳೆ, ಗಂಡಸರ ಊರಿನಲ್ಲಿ ಬದುಕು ಸವೆಸಿದ ಹೆಂಗಸರು. ಅವರ ಹೆಸರು ಬಂದಾಗಲೇ ದಾದಿ ಕೂತ ಭಂಗಿ ಬದಲಾಗುತ್ತಿತ್ತು. "ಇದನ್ನ ಬರೆದದ್ದು ಗಂಡಸು ಅಂದ್ಯಲ್ಲ? ಹೆಂಗಸರು ಯಾರೂ ಬರೆದಿಲ್ವಾ?" ಎಂದು ಕೇಳಿದರು.

ನನ್ನ ಎಂಟು ಜನರಲ್ಲಿ ಒಬ್ಬ ಹೆಂಗಸೂ ಇಲ್ಲ. ಅದಕ್ಕೆ ಪಟ್ಟಿ ಬರೆದವಳು ಮಾಡುವಂಥದ್ದು ಏನೂ ಇರಲಿಲ್ಲ, ಕನ್ನಡಕ್ಕೆ ಬಂದ ಎಂಟೂ ಜ್ಞಾನಪೀಠ ಗಂಡಸರಿಗೇ ಬಂದಿವೆ. ಆದರೆ 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ, ದೀಪಾ ಭಾಸ್ತಿ ಅವರ ಅನುವಾದದ 'ಹಾರ್ಟ್ ಲ್ಯಾಂಪ್'ಗೆ, ನಮ್ಮ ಲೈಬ್ರರಿಯ ಬೋರ್ಡಿನಲ್ಲಿ ಪತ್ರಿಕೆಯ ಕಟಿಂಗ್ ಎರಡು ತಿಂಗಳು ಇತ್ತು. ಅದರ ಎದುರೇ ನಿಂತು ನಾನು ಗೋಕಾಕರನ್ನು ರಿನ್ಯೂ ಮಾಡಿಸಿದ್ದೆ. ಲೈಬ್ರರಿ ಸರ್‌ಗೆ ಹೆಂಗಸರು ಬರೆದದ್ದು, ನಮ್ಮ ದಾದಿಗೆ ಓದುವಂಥದ್ದು ಬೇಕು ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಕೆಳಗಿನ ಸಾಲಿನಿಂದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ತೆಗೆದು ಕೊಟ್ಟರು.

ಸಾರಾ ಅವರು ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದವರು, 2023ರ ಜನವರಿಯಲ್ಲಿ ತೀರಿಕೊಂಡರು. ಈ ಕಾದಂಬರಿ ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಚಿಕ್ಕ ಪುಸ್ತಕ. ನಾದಿರಾ ಎಂಬ ಹುಡುಗಿ, ಅವಳ ಗಂಡ ರಶೀದ್, ಒಂದು ಮಗು, ಮತ್ತು ತನ್ನ ಮಾತೇ ಕೊನೆಯದು ಎನ್ನುವ ಅಪ್ಪ ಮಹಮ್ಮದ್ ಖಾನ್. ಗಂಡ ಹೆಂಡತಿ ಇಬ್ಬರಿಗೂ ಬೇಡವಾದ ತಲಾಖ್ ಆಗಿಹೋಗುತ್ತದೆ. ಕೊನೆ ಹೇಳುವುದಿಲ್ಲ, ನೀವೇ ಓದಿ.

ಇದನ್ನು ಓದುವಾಗ ದಾದಿ ಜಗಳ ತೆಗೆಯಲಿಲ್ಲ. ಮೊದಲ ರಾತ್ರಿ ಸುಮ್ಮನಿದ್ದರು. ಎರಡನೇ ರಾತ್ರಿಯೂ. ಮೂರನೇ ರಾತ್ರಿ ಮಗುವನ್ನು ಯಾರು ಇಟ್ಟುಕೊಳ್ಳಬೇಕು ಎಂಬ ಮಾತು ಬರುವಲ್ಲಿ, "ನಿಲ್ಲಿಸು" ಅಂದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ದಾದಿಯ ತಂಗಿ ಇರುತ್ತಿದ್ದರು. ನಾವು ಮಕ್ಕಳೆಲ್ಲ ಅವರನ್ನು ಛೋಟಿ ದಾದಿ ಎನ್ನುತ್ತಿದ್ದೆವು. ಹೊಲಿಗೆ ಮೆಷಿನ್ನು, ಒಂದು ಟ್ರಂಕು, ಡಬ್ಬಿಯಲ್ಲಿ ನಮಗೆ ಕೊಡಲು ಪೆಪ್ಪರ್‌ಮಿಂಟು. ಈದ್‌ಗೆ ನಮ್ಮೆಲ್ಲರ ಅಂಗಿ ಹೊಲಿದದ್ದು ಅವರೇ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಅವರಿಗೆ ಗಂಡ, ಮಕ್ಕಳು ಯಾಕಿಲ್ಲ ಎಂದು ನಾನು ಕೇಳಿರಲಿಲ್ಲ. ಮನೆಯಲ್ಲಿ ಕಂಬ ಯಾಕಿದೆ ಎಂದು ಯಾರು ಕೇಳುತ್ತಾರೆ? ಅವರಿಗೆ ಗಂಡ ಇದ್ದರು, ಮಗನೂ ಇದ್ದ. ದಾದಿ ಆ ರಾತ್ರಿ ಹೇಳಿದರು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಂದು ಕಾಗದ ಬಂತು, ಅಷ್ಟೇ. ಎರಡು ವರ್ಷದ ಹುಡುಗನನ್ನು ಆ ಮನೆಯವರು ಇಟ್ಟುಕೊಂಡರು. ತಂಗಿಯನ್ನು ಕರೆದುಕೊಂಡು ಬರಲು ಬಸ್ಸಿನಲ್ಲಿ ಹೋದವರು ದಾದಿಯೇ. ಬರುವಾಗ ಘಟ್ಟದ ತಿರುವಿನಲ್ಲಿ ತಂಗಿ ವಾಂತಿ ಮಾಡಿಕೊಂಡದ್ದು, ಮಗುವಿನ ಒಂದು ಸ್ವೆಟರ್ ಚೀಲದಲ್ಲಿ ಉಳಿದುಬಿಟ್ಟದ್ದು, ಅದನ್ನು ವಾಪಸ್ ಕಳಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತಾದದ್ದು. ಕಳಿಸಲಿಲ್ಲ. ಆ ಟ್ರಂಕಿನಲ್ಲಿತ್ತು.

ನಾನು ಏನಾದರೂ ಹೇಳಬೇಕು ಎಂದು, ಈಗ ಹಾಗೆ ಮಾಡುವ ಹಾಗಿಲ್ಲ ದಾದಿ ಎಂದೆ. ಒಂದೇ ಸಲಕ್ಕೆ ಮೂರು ತಲಾಖ್ ಹೇಳುವುದು ನಡೆಯುವುದಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, 2019ರಲ್ಲಿ ಕಾನೂನೂ ಬಂದಿದೆ.

"ಹೌದಾ? ಅಷ್ಟೊತ್ತಿಗೆ ಅವಳಿಗೆ ಅರವತ್ತೈದಾಗಿತ್ತು" ಅಂದರು.

ಅಬ್ಬಾಗೆ ಇದೆಲ್ಲ ಗೊತ್ತಾ ಎಂದು ಕೇಳಿದೆ. ತಲಾಖ್ ಆದದ್ದು ಗೊತ್ತು, ಸ್ವೆಟರಿನದು ಗೊತ್ತಿಲ್ಲ ಎಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, "ಯಾರು ಕೇಳಿದ್ದರು?" ಎಂದು ಮಲಗಿದರು. ಇದನ್ನು ಇಲ್ಲಿ ಬರೆಯಲು ದಾದಿಯ ಒಪ್ಪಿಗೆ ಇದೆ. "ಬರಿ, ನಾಲ್ಕು ಹುಡುಗಿಯರು ಓದಲಿ. ಹೆಸರು ಬೇಡ" ಎಂದಿದ್ದಾರೆ.

ಮರುದಿನ ಓದು ಬೇಡ ಎನ್ನುತ್ತಾರೆ ಅಂದುಕೊಂಡಿದ್ದೆ. ಇಶಾ ಆದ ಮೇಲೆ ತಾವೇ ಕರೆದು "ನಾದಿರಾ ಎಲ್ಲಿಗೆ ಬಂದಳು?" ಎಂದರು. ಅವತ್ತು ಅಮ್ಮಿ ಅಡಿಗೆಮನೆಯ ಬಾಗಿಲಲ್ಲಿ ಕೂತು ಕೊತ್ತಂಬರಿ ಬಿಡಿಸುತ್ತಿದ್ದರು. ಕೊತ್ತಂಬರಿ ಮುಗಿದ ಮೇಲೂ ಎದ್ದು ಹೋಗಲಿಲ್ಲ.

ಕೊನೆಯ ಪುಟ ಓದಿದ ರಾತ್ರಿ ಯಾರೂ ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಪುಸ್ತಕವನ್ನು ಕಾಲೇಜಿಗೆ ಒಯ್ಯಲು ಬ್ಯಾಗಿಗೆ ಹಾಕುತ್ತಿದ್ದಾಗ ದಾದಿ ತಡೆದರು. ಅಮ್ಮಿ ಮೊದಲಿನ ಭಾಗ ಕೇಳಿಲ್ಲ, ಅವಳಿಗೋಸ್ಕರ ಮತ್ತೊಮ್ಮೆ ಶುರುವಿನಿಂದ ಓದಬೇಕಂತೆ. ಪಕ್ಕದ ಮನೆಯ ಚಾಚಿಯೂ ಬರುತ್ತಾರಂತೆ. ಹಾಗಾಗಿ 'ಚಂದ್ರಗಿರಿಯ ತೀರದಲ್ಲಿ' ಎರಡು ಸಲ ರಿನ್ಯೂ ಆಗಿದೆ. ಲೈಬ್ರರಿ ಸರ್ ಫೈನ್ ಹಾಕಿಲ್ಲ. ನಮ್ಮ ಕಾಲೇಜಿನಲ್ಲಿ ಅದರದು ಒಂದೇ ಪ್ರತಿ ಇರುವುದು. ಫಸ್ಟ್ ಪಿಯುಸಿಯ ಇಬ್ಬರು ಕೇಳಿ ವಾಪಸ್ ಹೋದರಂತೆ. ತಿಂಗಳ ಕೊನೆಗೆ ಖಂಡಿತ ತಂದುಕೊಡುತ್ತೇನೆ. ಅಷ್ಟರವರೆಗೆ ಕಾಯಲು ಆಗದವರು ಕೆಳಗಿನ ಸಾಲಿನಲ್ಲಿ ಹುಡುಕಿ, ಅಲ್ಲಿ ಸಾರಾ ಅವರದೇ ಇನ್ನೂ ಎರಡು ಪುಸ್ತಕಗಳಿವೆ.